ಹೆಚ್ಚು ಬಂದ ಸಂಬಳ ಮತ್ತು ಡಿಸೆಂಬರ್ 31ರ ಗೆರೆ

ಅಮೆರಿಕದಲ್ಲಿ ಪೇರೋಲ್ ತಪ್ಪಿನಿಂದ ಖಾತೆಗೆ ಹೆಚ್ಚು ಸಂಬಳ ಬಿದ್ದರೆ ವಾಪಸ್ ಕೊಡಲೇಬೇಕು. "ತಪ್ಪು ಅವರದು, ನಾನ್ಯಾಕೆ ಕೊಡಲಿ" ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಬಂದ ನಮ್ಮವರೂ ಇದನ್ನು ಒಪ್ಪುತ್ತಾರೆ. ದುಡ್ಡು ಕಳೆದುಕೊಳ್ಳುವುದು ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬ ಲೆಕ್ಕದಲ್ಲಿ.

ಆ ಹಣವನ್ನು ಊರಿನ ಖಾತೆಗೆ ಕಳಿಸಿಬಿಡಬೇಡಿ. ನೇರ ಜಮಾ ಆದ ಸಂಬಳವನ್ನು ಐದು ಬ್ಯಾಂಕಿಂಗ್ ದಿನಗಳೊಳಗೆ ಕಂಪನಿ ಹಿಂದಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ಇದೆ. ಖಾತೆ ಖಾಲಿಯಿದ್ದರೆ ಓವರ್‌ಡ್ರಾಫ್ಟ್ ಶುಲ್ಕ ನಿಮ್ಮ ತಲೆಗೆ ಬೀಳಬಹುದು.

ಈಗ ಮುಖ್ಯ ವಿಷಯ. ತಪ್ಪು ನಡೆದ ಕ್ಯಾಲೆಂಡರ್ ವರ್ಷದೊಳಗೇ ವಾಪಸ್ ಕೊಟ್ಟರೆ, ನಿಮ್ಮ ಕೈಗೆ ಬಂದ ನೆಟ್ ಮೊತ್ತ ಕೊಟ್ಟರೆ ಸಾಕು. ಹಿಡಿದ ತೆರಿಗೆಯನ್ನು ಕಂಪನಿ ತನ್ನ ಲೆಕ್ಕದಲ್ಲೇ ಸರಿಮಾಡಿಕೊಳ್ಳುತ್ತದೆ, ಡಬ್ಲ್ಯು-2 (ವರ್ಷದ ಸಂಬಳ, ತೆರಿಗೆಯ ಪಟ್ಟಿ) ಸರಿಯಾಗಿಯೇ ಬರುತ್ತದೆ. ಜನವರಿ 1 ದಾಟಿತೋ, ಲೆಕ್ಕ ತಲೆಕೆಳಗು. ಹಿಂದಿನ ವರ್ಷ ಹಿಡಿದು ಕಟ್ಟಿದ ಫೆಡರಲ್ ಆದಾಯ ತೆರಿಗೆ ನಿಮ್ಮ ಹೆಸರಿಗೆ ಜಮಾ ಆಗಿಹೋಗಿರುತ್ತದೆ. ಕಂಪನಿ ಅದನ್ನು ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ವಾಪಸ್ ಪಡೆಯುವಂತಿಲ್ಲ. ಹಾಗಾಗಿ ನೆಟ್ ಜೊತೆಗೆ ಆ ತೆರಿಗೆಯನ್ನೂ ನಿಮ್ಮಿಂದಲೇ ಕೇಳುತ್ತದೆ. ರಾಜ್ಯ ತೆರಿಗೆ ಇರುವ ಕಡೆ ಆ ಪಾಲೂ ಸಾಮಾನ್ಯವಾಗಿ ಸೇರುತ್ತದೆ.

ರಾಜ್ಯ ಆದಾಯ ತೆರಿಗೆ ಇಲ್ಲದ ಟೆಕ್ಸಾಸ್‌ನ ಒಂದು ಉದಾಹರಣೆ ನೋಡಿ. ಡಿಸೆಂಬರ್‌ನಲ್ಲಿ 5,000 ಡಾಲರ್ ಹೆಚ್ಚು ಬಂತು. 22% ಲೆಕ್ಕದಲ್ಲಿ 1,100 ಡಾಲರ್ ಆದಾಯ ತೆರಿಗೆ, 7.65% ಲೆಕ್ಕದಲ್ಲಿ ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ತೆರಿಗೆ 382.50 ಹೋಗಿ, ಕೈಗೆ ಬಂದದ್ದು 3,517.50. ಡಿಸೆಂಬರ್ 31ರೊಳಗೆ ಕೊಟ್ಟರೆ ಇಷ್ಟೇ. ಜನವರಿಯಲ್ಲಿ ಕೊಟ್ಟರೆ 4,617.50. ಕಣ್ಣಿಂದಲೂ ನೋಡದ 1,100 ಡಾಲರನ್ನು ಕೈಯಿಂದ ಹಾಕಿ ಕೊಡಬೇಕು. 382.50 ಮಾತ್ರ 941-ಎಕ್ಸ್ ಎಂಬ ಪೇರೋಲ್ ತೆರಿಗೆ ತಿದ್ದುಪಡಿ ಫಾರಂ ಮೂಲಕ ಕಂಪನಿಗೆ ಸಿಗುತ್ತದೆ. ಅದಕ್ಕೆ, ಈ ಮೊತ್ತವನ್ನು ನಾನು ಬೇರೆ ಕಡೆ ಕ್ಲೇಮ್ ಮಾಡಿಲ್ಲ, ಮಾಡುವುದೂ ಇಲ್ಲ ಎಂದು ನಿಮ್ಮಿಂದ ಬರೆಸಿಕೊಳ್ಳುತ್ತಾರೆ. ಎಫ್-1 ವಿದ್ಯಾರ್ಥಿ ವೀಸಾದ ಕೆಲಸದ ಅನುಮತಿಯಾದ ಓಪಿಟಿಯಲ್ಲಿದ್ದು, ತೆರಿಗೆಗೆ ಇನ್ನೂ ನಾನ್‌ರೆಸಿಡೆಂಟ್ (ಅನಿವಾಸಿ) ಲೆಕ್ಕದಲ್ಲಿರುವವರಿಗೆ ಈ 7.65% ಕಡಿತವೇ ಇರುವುದಿಲ್ಲ; ಇದ್ದರೆ ಅದೇ ಒಂದು ಬೇರೆ ತಪ್ಪು.

ಆ 1,100 ವಾಪಸ್ ಸಿಗುತ್ತದೆಯೇ? ಸಿಗಬಹುದು, ಆದರೆ ತಡವಾಗಿ, ಅದೂ 3,000 ಡಾಲರಿನ ಗಡಿ ದಾಟಿದ್ದರೆ. ಒಂದೇ ವರ್ಷದಲ್ಲಿ ನೀವು ಹಿಂತಿರುಗಿಸಿದ ಮೊತ್ತ 3,000ಕ್ಕಿಂತ ಹೆಚ್ಚಿದ್ದರೆ, ತೆರಿಗೆ ಸಂಹಿತೆಯ 1341ನೇ ಸೆಕ್ಷನ್ ಅಡಿ ಎರಡು ದಾರಿ: ಆ ಮೊತ್ತವನ್ನು ಈ ವರ್ಷ ಶೆಡ್ಯೂಲ್ ಎನಲ್ಲಿ (ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ಫಾರಂ) ಕಡಿತವಾಗಿ ತೋರಿಸುವುದು, ಇಲ್ಲವೇ ಹಳೇ ವರ್ಷದ ತೆರಿಗೆಯನ್ನು ಆ ಆದಾಯವಿಲ್ಲದೆ ಮತ್ತೆ ಲೆಕ್ಕ ಹಾಕಿ ವ್ಯತ್ಯಾಸವನ್ನು ಈ ವರ್ಷದ ರಿಟರ್ನ್‌ನಲ್ಲಿ ಕ್ರೆಡಿಟ್ ಆಗಿ ಪಡೆಯುವುದು. ಪಟ್ಟಿಯ ಬದಲು ನಿಗದಿತ ಮೊತ್ತದ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರಿಗೆ ಎರಡನೆಯದೇ ವಾಸಿ. ಮೊತ್ತ 3,000 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, 2018ರಿಂದ ಆ ಕಡಿತವೇ ಇಲ್ಲ. 2,900 ಡಾಲರ್ ಮೇಲಿನ 22% ಅಂದರೆ 638 ಡಾಲರ್, ಹೋದದ್ದು ಹೋಯಿತು.

ಕಂತಿನ ಅಪಾಯ ಇಲ್ಲೇ ಇದೆ. "ತಿಂಗಳಿಗೆ ಇಷ್ಟಿಷ್ಟು ಹಿಡಿದುಕೊಳ್ಳುತ್ತೇವೆ" ಎಂದು ಎಚ್‌ಆರ್ ಹೇಳಿದಾಗ ಉದಾರತೆ ಎನಿಸುತ್ತದೆ. ಹಿಂದಿನ ವರ್ಷದ 5,000ವನ್ನು ಈ ವರ್ಷ 2,500, ಮುಂದಿನ ವರ್ಷ 2,500 ಎಂದು ಒಡೆದರೆ ಎರಡೂ ವರ್ಷ ಗಡಿಯ ಕೆಳಗೆ ಬೀಳುತ್ತೀರಿ, ಕ್ರೆಡಿಟ್ ಕೈತಪ್ಪುತ್ತದೆ. ಕೊಡುವುದಾದರೆ ಒಂದೇ ವರ್ಷದಲ್ಲಿ ಮುಗಿಸಿ.

ಎಲ್ಲಕ್ಕಿಂತ ಕೆಟ್ಟ ಸಮಯ ಡಿಸೆಂಬರ್ ಕೊನೆಯ ಎರಡು ವಾರ. ನಮ್ಮವರಲ್ಲಿ ಅರ್ಧ ಜನ ರಜೆ ಹಾಕಿ ಬೆಂಗಳೂರಿಗೆ ಹೋಗಿರುತ್ತಾರೆ, ಆಫೀಸಿನ ಮೇಲ್ ತೆರೆಯುವುದು ಜನವರಿಯಲ್ಲಿ. ವಿಮಾನ ಹತ್ತುವ ಮುಂಚೆ ನವೆಂಬರ್, ಡಿಸೆಂಬರ್ ಪೇ ಸ್ಟಬ್‌ಗಳನ್ನು (ಸಂಬಳದ ಚೀಟಿ) ಆಫರ್ ಪತ್ರದ ಜೊತೆ ಹೋಲಿಸಿ ನೋಡಿ. ಬೋನಸ್ ಎರಡು ಸಲ ಬಂದಿದೆಯೇ, ಸಂಬಳವಿಲ್ಲದ ರಜೆಗೆ ಸಂಬಳ ಬಂದಿದೆಯೇ? ಸಂಶಯವಿದ್ದರೆ ನೀವೇ ಬರೆಯಿರಿ. ಯಾವ ಪೇ ಪೀರಿಯಡ್, ಗ್ರಾಸ್ (ಕಡಿತಕ್ಕೆ ಮುಂಚಿನ ಮೊತ್ತ) ಎಷ್ಟು, ಯಾವ ತೆರಿಗೆ ಎಷ್ಟು, 401ಕೆ ನಿವೃತ್ತಿ ಖಾತೆಗೆ ಹೋದದ್ದೆಷ್ಟು, ನೆಟ್ ಎಷ್ಟು, ಇಷ್ಟನ್ನೂ ಲಿಖಿತವಾಗಿ ಕೇಳಿ. ಒಂದೇ ಅಂಕಿ ಬರೆದು ಚೆಕ್ ಕೇಳುವ ಪತ್ರಕ್ಕೆ ದುಡ್ಡು ಕಳಿಸಬೇಡಿ.

ಸಂಬಳದಿಂದ ನೇರವಾಗಿ ಹಿಡಿಯಬಹುದೇ ಅನ್ನುವುದು ರಾಜ್ಯಕ್ಕೊಂದು ಥರ. ಫೆಡರಲ್ ಕಾನೂನು ಹೆಚ್ಚುವರಿ ಸಂಬಳವನ್ನು ಮುಂಗಡದಂತೆ ಕಾಣುತ್ತದೆ, ರಕ್ಷಣೆ ಕಡಿಮೆ. ನ್ಯೂಯಾರ್ಕ್‌ನಲ್ಲಿ ಲೆಕ್ಕದ ಅಥವಾ ಗುಮಾಸ್ತಿಕೆಯ ತಪ್ಪಾಗಿರಬೇಕು, ನೋಟಿಸ್‌ಗೆ ಹಿಂದಿನ ಎಂಟು ವಾರಗಳಲ್ಲಿ ಕೊಟ್ಟದ್ದನ್ನಷ್ಟೇ ಹಿಡಿಯಬಹುದು. ಮೊತ್ತ ಮುಂದಿನ ನೆಟ್ ಸಂಬಳಕ್ಕಿಂತ ದೊಡ್ಡದಾದರೆ ಒಂದು ಸಲಕ್ಕೆ ಗ್ರಾಸ್‌ನ 12.5% ಮೀರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಕೆಲಸ ಬಿಡುವಾಗ ಬಾಕಿಯನ್ನೆಲ್ಲ ಕೊನೆಯ ಸಂಬಳದಲ್ಲಿ ಒಟ್ಟಿಗೆ ಮುರಿದುಕೊಳ್ಳುವುದನ್ನು ಅಲ್ಲಿನ ಕೋರ್ಟಿನ 1981ರ ಬಾರ್ನ್‌ಹಿಲ್ ತೀರ್ಪು ತಡೆದಿದೆ. ಹಾಗೆಂದು ಸಾಲ ತೀರಿತು ಎಂದಲ್ಲ, ಕಂಪನಿ ಕೋರ್ಟಿಗೆ ಹೋಗಬಹುದು.

ಭಾರತದಲ್ಲಿ ಸುಪ್ರೀಂ ಕೋರ್ಟ್ 2014ರ ರಫೀಕ್ ಮಸೀಹ್ ಪ್ರಕರಣದಲ್ಲಿ, ಮೂರು ಮತ್ತು ನಾಲ್ಕನೇ ದರ್ಜೆಯ ನೌಕರರಿಂದ, ನಿವೃತ್ತರಿಂದ, ಐದು ವರ್ಷಕ್ಕೂ ಮೀರಿ ಕೊಡುತ್ತಾ ಬಂದ ಹೆಚ್ಚುವರಿಯಿಂದ ವಸೂಲಿ ಬೇಡ ಎಂದಿತು. ಕೆಳದರ್ಜೆಯ ಸರ್ಕಾರಿ ನೌಕರನ ಮಟ್ಟಿಗೆ ಅದು ಇಲ್ಲಿಗಿಂತ ಮಾನವೀಯ. ಖಾಸಗಿ ಕಂಪನಿಯ ನೌಕರನಿಗೆ ಮಾತ್ರ ನ್ಯೂಯಾರ್ಕ್‌ನ ಎಂಟು ವಾರವೇ ಮೇಲು, ಅಂಕಿ ಸ್ಪಷ್ಟವಾಗಿದೆ.

ವರ್ಷ ದಾಟಿ ಕೊಟ್ಟವರಿಗೆ ತಿದ್ದಿದ ಡಬ್ಲ್ಯು-2, ಅಂದರೆ ಡಬ್ಲ್ಯು-2ಸಿ ಬರುತ್ತದೆ. ಅದರಲ್ಲಿ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಲೆಕ್ಕದ ಸಂಬಳ ತೋರಿಸುವ 3 ಮತ್ತು 5ನೇ ಬಾಕ್ಸ್ ಬದಲಾಗಿರುತ್ತವೆ, ಆದಾಯ ತೆರಿಗೆ ಲೆಕ್ಕದ ಸಂಬಳ ತೋರಿಸುವ 1ನೇ ಬಾಕ್ಸ್ ಹಾಗೇ ಇರುತ್ತದೆ. ಇದು ತಪ್ಪೆಂದು ಎಚ್‌ಆರ್ ಜೊತೆ ಜಗಳಕ್ಕೆ ಹೋಗಬೇಡಿ, ನಿಯಮವೇ ಹಾಗೆ. ಆದಾಯ ತೆರಿಗೆ ವಾಪಸ್ ಕೇಳಿ ಹಳೇ ವರ್ಷಕ್ಕೆ 1040-ಎಕ್ಸ್ (ತಿದ್ದಿದ ರಿಟರ್ನ್) ಕಳಿಸಿದರೂ ಸಿಗುವುದಿಲ್ಲ. ಹಣ ಕೊಟ್ಟ ಚೆಕ್ಕಿನ ಪ್ರತಿ, ಕಂಪನಿಯ ಪತ್ರ, ಡಬ್ಲ್ಯು-2ಸಿ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು, ಹಣ ಕೊಟ್ಟ ವರ್ಷದ ರಿಟರ್ನ್ ಹಾಕುವಾಗ 1341ರ ಕ್ರೆಡಿಟ್ ಬೇಕೆಂದು ಲೆಕ್ಕ ಮಾಡುವವರಿಗೆ ನೀವೇ ಬಾಯಿಬಿಟ್ಟು ಹೇಳಿ.