ಖಾಲಿ ಫ್ಲಾಟ್‌ನ ಫೋಟೋಗೆ ಸೋಫಾ ಕೂರಿಸುವ ಮುಂಚೆ

ಬನಶಂಕರಿಯಲ್ಲಿರುವ ಅಕ್ಕನ ಟು ಬಿಎಚ್‌ಕೆ ಮಾರಾಟಕ್ಕೆ ಇಟ್ಟಾಗ ಫೋಟೋ ತೆಗೆದವನು ನಾನೇ. ನಾಲ್ಕು ಗೋಡೆ, ಒಂದು ಫ್ಯಾನ್, ಮೂಲೆಯಲ್ಲಿ ಪೇಂಟರ್ ಬಿಟ್ಟುಹೋದ ಡಬ್ಬ. ಎರಡು ವಾರ ಬ್ರೋಕರ್‌ಗಳನ್ನು ಬಿಟ್ಟರೆ ಒಬ್ಬರೂ ಫೋನ್ ಮಾಡಲಿಲ್ಲ. ಕೊನೆಗೆ ಅದೇ ಫೋಟೋಗಳನ್ನು ಒಂದು ಎಐ ಆ್ಯಪ್‌ಗೆ ಹಾಕಿ ಸೋಫಾ, ಟೀಪಾಯಿ, ಮಂಚ, ಪರದೆ ಎಲ್ಲ ಕೂರಿಸಿದೆ. ಇದನ್ನೇ ವರ್ಚುವಲ್ ಸ್ಟೇಜಿಂಗ್ ಅನ್ನೋದು. ಆ ಶನಿವಾರವೇ ಮೂರು ಮನೆಯವರು ನೋಡಲು ಬಂದರು. ಮೂರನೆಯವರ ಜೊತೆ ಬಂದಿದ್ದ ಅಜ್ಜಿ ಬೆಡ್‌ರೂಮ್ ಬಾಗಿಲಲ್ಲೇ ನಿಂತು, ಒಮ್ಮೆ ಫೋನ್, ಒಮ್ಮೆ ಗೋಡೆ ನೋಡಿ, "ಏನಪ್ಪಾ, ಇಲ್ಲಿದ್ದ ಕಿಟಕಿ ಎಲ್ಲಿ ಹೋಯ್ತು?" ಅಂದರು. ಮಂಚದ ಹಿಂದೆ ಪರದೆ ಹಾಕುವ ಭರದಲ್ಲಿ ಆ್ಯಪ್ ಇಲ್ಲದ ಕಿಟಕಿಯನ್ನೇ ಬರೆದುಬಿಟ್ಟಿತ್ತು. ನಾನು ನೋಡಿರಲೇ ಇಲ್ಲ.

ಹಾಗಂತ ಇದು ಬೇಡ ಅಂತಲ್ಲ. ನಿಜವಾದ ಸೋಫಾ ಬಾಡಿಗೆಗೆ ತಂದು, ಟೆಂಪೋಗೆ ದುಡ್ಡು ಕೊಟ್ಟು, ಮೂರನೇ ಮಹಡಿಗೆ ಹೊರಿಸುವುದರ ಮುಂದೆ ಇದರ ಖರ್ಚು ಏನೂ ಅಲ್ಲ. ಖಾಲಿ ಹಾಲ್ ನೋಡಿ ಟಿವಿ ಎಲ್ಲಿ, ಊಟದ ಟೇಬಲ್ ಎಲ್ಲಿ ಅಂತ ಊಹಿಸಿಕೊಳ್ಳುವುದು ತುಂಬ ಜನಕ್ಕೆ ಆಗುವುದಿಲ್ಲ, ಆ ಕೆಲಸ ಫೋಟೋ ಮಾಡುತ್ತದೆ. ನಾನು ಈಗ ಇಟ್ಟುಕೊಂಡಿರುವ ನಿಯಮ ಒಂದೇ: ಸಾಮಾನು ಎಷ್ಟು ಬೇಕಾದರೂ ಸೇರಿಸಿ, ಮನೆಯನ್ನು ಮಾತ್ರ ಮುಟ್ಟಬೇಡಿ.

ಮೊದಲು ಫೋಟೋ ಸರಿಯಾಗಿ ತೆಗೆಯಿರಿ. ಬೆಳಿಗ್ಗೆ ಕಿಟಕಿಗಳನ್ನೆಲ್ಲ ತೆರೆದು, ಮೂಲೆಯಲ್ಲಿ ನಿಂತು, ಫೋನ್ ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿಯಿರಿ. 0.5 ಝೂಮ್ ಒತ್ತಬೇಡಿ. ಅದರಲ್ಲಿ 10 ಅಡಿ ರೂಮ್ ಮದುವೆ ಛತ್ರದ ಹಾಗೆ ಕಾಣುತ್ತದೆ, ನೋಡಲು ಬಂದವರ ಮುಖ ಸಣ್ಣಗಾಗುತ್ತದೆ.

ಆಮೇಲೆ ಟೇಪ್ ಹಿಡಿದು ಅಳೆಯಿರಿ. ಜನ ಬಿಟ್ಟುಬಿಡುವುದು ಇದನ್ನೇ. ಕಿಂಗ್ ಸೈಜ್ ಹಾಸಿಗೆ 6 ಅಡಿ ಅಗಲ, ಆರೂವರೆ ಅಡಿ ಉದ್ದ. ಅಕ್ಕನ ಚಿಕ್ಕ ಬೆಡ್‌ರೂಮ್ 10×11. ಹತ್ತಡಿ ಗೋಡೆಗೆ ಮಂಚದ ತಲೆ ಕೊಟ್ಟು, ಪಕ್ಕದ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ನಿಲ್ಲಿಸಿದರೆ ಉಳಿಯುವುದು ಎರಡೇ ಅಡಿ. ಓಡಾಡುವುದೂ ಅದರಲ್ಲೇ, ವಾರ್ಡ್‌ರೋಬ್ ಬಾಗಿಲು ತೆರೆಯುವುದೂ ಅದರಲ್ಲೇ. ಆದರೆ ಆ್ಯಪ್ ಮಂಚವನ್ನೇ ಕುಗ್ಗಿಸಿ ಅಕ್ಕಪಕ್ಕ ಎರಡು ಟೇಬಲ್, ಒಂದು ಆರಾಮಕುರ್ಚಿ ಬೇರೆ ಇಟ್ಟುಕೊಡುತ್ತದೆ! ಅಂಥ ರೂಮಿಗೆ 5 ಅಡಿ ಅಗಲದ ಕ್ವೀನ್ ಸೈಜ್ ಮಂಚವನ್ನೇ ಕೇಳಿ.

ಆ್ಯಪ್‌ಗೆ ಹೇಳುವಾಗ ಬಿಡಿಸಿ ಹೇಳಿ: ಗೋಡೆ, ಕಿಟಕಿ, ಬಾಗಿಲು, ನೆಲ, ಫ್ಯಾನ್, ಸ್ವಿಚ್‌ಬೋರ್ಡ್ ಯಾವುದನ್ನೂ ಬದಲಾಯಿಸಬೇಡ ಅಂತ. ಅಷ್ಟು ಹೇಳಿದರೂ ಫ್ಯಾನ್ ತೆಗೆದು ತೂಗುದೀಪ ಹಾಕುವುದುಂಟು. ನನಗೆ ಒಮ್ಮೆ ಹಾಲ್‌ನಲ್ಲಿ ಚಳಿ ಕಾಯಿಸಿಕೊಳ್ಳುವ ಒಲೆ ಬಂದಿತ್ತು, ಅದೂ ಬನಶಂಕರಿಯಲ್ಲಿ! ಹಾಗಾಗಿ ಹಳೆಯದು ಹೊಸದು ಪಕ್ಕಪಕ್ಕ ಇಟ್ಟು, ಕಿಟಕಿ ಎಷ್ಟು, ಪಿಲ್ಲರ್ ಇದೆಯಾ, ತೊಲೆ ಇದೆಯಾ ಅಂತ ಒಂದೊಂದಾಗಿ ಎಣಿಸಿ. ಗೋಡೆ ಮೇಲಿನ ಒದ್ದೆ ಗುರುತು, ಬಿರುಕು ಅಳಿಸುವ ಆಸೆ ಬರುತ್ತದೆ. ಬೇಡ. ಅದು ಅಲಂಕಾರ ಅಲ್ಲ, ಮೋಸ. ಅದರ ಬದಲು ಪ್ಲಂಬರ್ ಕರೆಸಿ.

ಪ್ರತಿ ಫೋಟೋ ಮೇಲೂ "ಪೀಠೋಪಕರಣ ಕಂಪ್ಯೂಟರ್‌ನಲ್ಲಿ ಸೇರಿಸಿದ್ದು" ಅಂತ ಬರೆಯಿರಿ, ಜೊತೆಗೆ ಖಾಲಿ ಫೋಟೋನೂ ಹಾಕಿ. ಕ್ಯಾಲಿಫೋರ್ನಿಯಾದಲ್ಲಂತೂ 2026ರ ಜನವರಿಯಿಂದ ಮನೆ ಮಾರುವ ಏಜೆಂಟರು ಹೀಗೆ ತಿದ್ದಿದ ಫೋಟೋ ಅಂತ ತಿಳಿಸಿ, ಮೂಲ ಫೋಟೋನೂ ನೋಡಲು ಸಿಗುವಂತೆ ಮಾಡಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಬಿಲ್ಡರ್‌ಗಳಿಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಇದೆ. ಜಾಹೀರಾತನ್ನೋ ಮಾದರಿ ಫ್ಲಾಟನ್ನೋ ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿದ್ದ ಸುಳ್ಳಿನಿಂದ ನಷ್ಟವಾದರೆ ಪರಿಹಾರ ಕೊಡಬೇಕು, ಪ್ರಾಜೆಕ್ಟ್ ಬೇಡ ಅಂದರೆ ದುಡ್ಡು ಬಡ್ಡಿ ಸಮೇತ ವಾಪಸ್. ನೀವು ಬಿಲ್ಡರ್ ಅಲ್ಲದೇ ಇರಬಹುದು, ಆದರೂ ಅಮೆರಿಕದಲ್ಲಿ ಕೂತು ವಾಟ್ಸಾಪ್ ಫೋಟೋ ನೋಡಿ ಟೋಕನ್ ಕಳಿಸುವ ನಮ್ಮವರಿಗೆ ಖಾಲಿ ಫೋಟೋ, ಒಂದು ವಿಡಿಯೋ ಮೊದಲೇ ಕಳಿಸಿದರೆ ಆಮೇಲೆ ಜಗಳ ಇರುವುದಿಲ್ಲ, ಅಲ್ವಾ?

ಬಾಡಿಗೆಗೆ ಕೊಡುವ ಮನೆಗೆ ಇಷ್ಟೆಲ್ಲ ಸುಮ್ನೆ ದಂಡ. ಬಾಡಿಗೆಗೆ ಬರುವವರು ಕೇಳುವುದು ಕಾವೇರಿ ನೀರು ಬರುತ್ತಾ, ಅಡ್ವಾನ್ಸ್ ಎಷ್ಟು, ಬೈಕ್ ನಿಲ್ಲಿಸಲು ಜಾಗ ಇದೆಯಾ, ಇಷ್ಟೇ.

ಇನ್ನೊಂದು ತೊಂದರೆ ಇದೆ. ಫೋಟೋದಲ್ಲಿ ತುಂಬಿದ ಮನೆ ನೋಡಿ ಬಂದವರಿಗೆ, ಮಾತಾಡಿದರೆ ಗುಂಯ್ ಅನ್ನುವ ಖಾಲಿ ಮನೆ ಪೆಚ್ಚೆನಿಸುತ್ತದೆ. ಅದಕ್ಕೆ ಈಗ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ತಂದು, ಮಂಚ, ಸೋಫಾ, ಫ್ರಿಜ್ ಎಲ್ಲೆಲ್ಲಿ ಬರುತ್ತವೋ ಅಲ್ಲಿ ನೆಲದ ಮೇಲೆ ನಿಜವಾದ ಅಳತೆಗೆ ಅಂಟಿಸುತ್ತೇನೆ. ಬಂದವರು ಆ ಗೆರೆಗಳ ನಡುವೆ ಓಡಾಡಿ, ಬಾಗಿಲು ತೆರೆದು ನೋಡುತ್ತಾರೆ. ಆ ಅಜ್ಜಿ ಮನೆಯವರು ತಿರುಗಿ ಬರಲಿಲ್ಲ, ಆದರೆ ಟೇಪ್ ಹಾಕಿದ ಮೇಲೆ ಬಂದವರು ಯಾರೂ ಕಿಟಕಿ ಎಲ್ಲಿ ಅಂತ ಕೇಳಿಲ್ಲ. ಟೇಪನ್ನು ವಾರಕ್ಕಿಂತ ಜಾಸ್ತಿ ಬಿಡಬೇಡಿ, ಟೈಲ್ಸ್ ಮೇಲೆ ಅಂಟು ಕೂತರೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕಾಗುತ್ತದೆ.