ರ್‍ಯಾಮ್‌ಗೆ ಬೋರ್ಡ್ ನೋಡಿ, ಎಸ್‌ಎಂಪಿಎಸ್‌ಗೆ ಚೀಟಿ ಓದಿ

“ಇನ್ನೂ ಸ್ವಲ್ಪ ಒತ್ತಲೇ ಮಾವ?” ಎಂದು ಕೇಳಿದ ಅಕ್ಕನ ಮಗ. ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗದಿಂದ ಬಸ್ಸಿನಲ್ಲಿ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದ. ಹೊಸ ರ್‍ಯಾಮ್, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ, ಎಷ್ಟು ಒತ್ತಿದರೂ ಸ್ಲಾಟಿನೊಳಗೆ ಇಳಿಯುತ್ತಿರಲಿಲ್ಲ. ಕೈ ಹಿಡಿದು ನಿಲ್ಲಿಸಿದೆ. ಅವನ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಹಲಗೆ, ಒಪ್ಪುವುದು ಡಿಡಿಆರ್4 ಪೀಳಿಗೆಯದನ್ನು, ತಂದದ್ದು ಅದರ ಮುಂದಿನ ಡಿಡಿಆರ್5. ಎರಡಕ್ಕೂ ಪಿನ್‌ಗಳು 288, ನೋಡಲು ಅವಳಿ ಮಕ್ಕಳಂತೆ. ಕೆಳಗಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿದೆ. ಒಂದಕ್ಕೆ ಬೇಕಾದದ್ದು 1.2 ವೋಲ್ಟ್, ಇನ್ನೊಂದಕ್ಕೆ 1.1. ತಪ್ಪಿ ಕೂರದಿರಲಿ ಎಂದೇ ಆ ಕಚ್ಚು ಇರುವುದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮದರ್‌ಬೋರ್ಡಿನ ಮಾಡೆಲ್ ಹೆಸರು ಬರೆದುಕೊಳ್ಳಿ. ಕ್ಯಾಬಿನೆಟ್ ಬಿಚ್ಚಬೇಕಿಲ್ಲ. ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿ, ‘ಎಂಎಸ್‌ಇನ್ಫೊ32’ (msinfo32) ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬ ಸಾಲಿನಲ್ಲಿ ಹೆಸರು ಸಿಗುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಈಗಿನ ವೇಗ ಎಷ್ಟು, ಎಷ್ಟು ಸ್ಲಾಟ್ ತುಂಬಿವೆ ಎಂಬುದೂ ಇರುತ್ತದೆ. ಆ ಹೆಸರನ್ನು ಹಿಡಿದು ತಯಾರಕರ ಜಾಲತಾಣಕ್ಕೆ ಹೋದರೆ ಯಾವ ಬಗೆಯ, ಗರಿಷ್ಠ ಎಷ್ಟು ಜಿಬಿ ರ್‍ಯಾಮ್ ಒಪ್ಪುತ್ತದೆ ಎಂಬುದು ತಿಳಿಯುತ್ತದೆ.

ಪ್ರೊಸೆಸರ್ ನೋಡಿ ಊಹಿಸಿದರೆ ಸಾಲದು. ಎಎಂಡಿಯಲ್ಲಿ ಲೆಕ್ಕ ಸರಳ: ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿಗೆ ಡಿಡಿಆರ್4, ಎಎಂ5ಕ್ಕೆ ಡಿಡಿಆರ್5. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲೇ ಎಡವುವುದು. ಬಿ760 ಚಿಪ್‌ಸೆಟ್ಟಿನ ಬೋರ್ಡ್‌ಗಳು ಎರಡೂ ಬಗೆಯಲ್ಲಿ ಬಂದಿವೆ. ಕೆಲವು ತಯಾರಕರು ಹೆಸರಿನ ಬಾಲಕ್ಕೆ ‘ಡಿ4’ ಎಂದು ಅಂಟಿಸಿರುತ್ತಾರೆ. ನಮ್ಮ ಹುಡುಗ ಆ ಬಾಲವನ್ನು ಓದಿರಲಿಲ್ಲ.

16 ಜಿಬಿ ಬೇಕಿದ್ದರೆ ಒಂದೇ 16ರ ಬದಲು 8ರ ಜೋಡಿ ಕೊಳ್ಳಿ. ಎರಡು ಚಾನೆಲ್‌ಗಳಲ್ಲಿ ಏಕಕಾಲಕ್ಕೆ ದತ್ತಾಂಶ ಹರಿಯುತ್ತದೆ. ನಾಲ್ಕು ಸ್ಲಾಟಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಜೋಡಿಯ ಜಾಗ. ಹಳೆಯದರ ಜೊತೆ ಹೊಸದನ್ನು ಸೇರಿಸಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಹೊಂದಿಕೊಳ್ಳುವುದೇ ಇಲ್ಲ. 3600 ವೇಗದ್ದನ್ನು ತಂದರೂ ಟಾಸ್ಕ್ ಮ್ಯಾನೇಜರ್ 2133 ಎನ್ನುತ್ತಿದ್ದರೆ ಅಂಗಡಿಯವನನ್ನು ಬೈಯಬೇಡಿ. ಬಯಾಸ್‌ನಲ್ಲಿ, ಅಂದರೆ ಯಂತ್ರ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ, ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿಲ್ಲ, ಅಷ್ಟೇ.

ರ್‍ಯಾಮ್ ತಪ್ಪಾದರೆ ಬದಲಾಯಿಸಬಹುದು. ಪವರ್ ಸಪ್ಲೈ, ಅಂದರೆ ನಾವೆಲ್ಲ ಎಸ್‌ಎಂಪಿಎಸ್ ಎನ್ನುವ ತಗಡಿನ ಡಬ್ಬ, ತಪ್ಪಾದರೆ ಜೊತೆಯಲ್ಲಿರುವುದನ್ನೂ ಸುಟ್ಟು ಹೋಗಬಹುದು. ಜನ ಹಣ ಉಳಿಸುವುದು ಮಾತ್ರ ಅಲ್ಲಿಯೇ. ನಾನೂ ಹಾಗೆಯೇ ಉಳಿಸಿದವನು. ಹಿಂದೊಮ್ಮೆ ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 500 ಎಂದಿತ್ತು. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ತೆರೆದ ಐದೇ ನಿಮಿಷಕ್ಕೆ ಯಂತ್ರ ತಾನೇ ಆಫ್ ಆಗಿ ಮತ್ತೆ ಆನ್ ಆಯಿತು. ಬಿಚ್ಚಿ ಪಕ್ಕದ ಚೀಟಿ ಓದಿದೆ: +12 ವೋಲ್ಟ್ ಕೆಳಗೆ 14 ಆಂಪಿಯರ್. ಗುಣಿಸಿದರೆ 168 ವಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ 12 ವೋಲ್ಟಿನ ಸಾಲಿನಿಂದಲೇ. ನಮ್ಮೂರಿನ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದರೆ ಚೀಲ ತುಂಬುತ್ತದೆ, ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗುವುದಿಲ್ಲ. ಆ 500 ಅಂಥ ಸೇರಿನ ಲೆಕ್ಕ.

ತಕ್ಕಡಿಯ ಲೆಕ್ಕ ಹೀಗೆ. ಕೋರ್ ಐ5-12400 ಪ್ರೊಸೆಸರ್ ಗರಿಷ್ಠ 117 ವಾಟ್, ಆರ್‌ಟಿಎಕ್ಸ್ 4060 ಕಾರ್ಡ್ 115, ಬೋರ್ಡ್, ಕಡತಗಳನ್ನಿಡುವ ಎಸ್‌ಎಸ್‌ಡಿ, ಫ್ಯಾನುಗಳಿಗೆ ಅಂದಾಜು 50. ಒಟ್ಟು 282. ಕಾರ್ಡಿನ ತಯಾರಕರು ಹೇಳುವುದು 550 ವಾಟಿನ ಎಸ್‌ಎಂಪಿಎಸ್. ಇದು ದುಂದಲ್ಲ, ಕಾರ್ಡ್‌ಗಳು ಕ್ಷಣಮಾತ್ರ ಜಾಸ್ತಿ ಎಳೆಯುತ್ತವೆ, ಏಪ್ರಿಲ್‌ನ ನಮ್ಮ ಸೆಕೆಯಲ್ಲಿ ಪೂರ್ತಿ ಹೊರೆ ಹೊತ್ತ ಡಬ್ಬ ಬೇಗ ಸೋಲುತ್ತದೆ. ಒಳ್ಳೆಯ 550ರ ಚೀಟಿಯಲ್ಲಿ 12 ವೋಲ್ಟಿಗೆ 45 ಆಂಪಿಯರ್ ಆಸುಪಾಸು ಇರುತ್ತದೆ. ‘80 ಪ್ಲಸ್’ ಮುದ್ರೆ ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಬಿಸಿಯಾಗಿ ಪೋಲಾಗುವುದಿಲ್ಲ ಎಂಬುದರ ಗುರುತು, ಬಲದ್ದಲ್ಲ.

ವೈರುಗಳನ್ನೂ ಎಣಿಸಿ. ಬೋರ್ಡಿಗೆ 24 ಪಿನ್, ಪ್ರೊಸೆಸರಿಗೆ 4+4, ಕಾರ್ಡಿಗೆ ಹೆಚ್ಚಾಗಿ 6+2. ಕೊನೆಯ ಎರಡೂ ಎಂಟೇ ಆದರೂ ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬಾರದು. ಹಳೆಯ ಮಾಡ್ಯುಲರ್ (ಕೇಬಲ್ ಕಳಚಬಹುದಾದ) ಎಸ್‌ಎಂಪಿಎಸ್‌ನ ಕೇಬಲ್ಲನ್ನು ಹೊಸದಕ್ಕೆ ಚುಚ್ಚುವುದಂತೂ ಬೇಡವೇ ಬೇಡ. ಒಳಗಿನ ವೈರುಗಳ ಕ್ರಮ ಬೇರೆಯಿದ್ದರೆ ಎಸ್‌ಎಸ್‌ಡಿ ಸುಡಬಹುದು. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ತಿಂಗ್ ನೋಡಿಸಿ. ಕರೆಂಟು ಹೋದಾಗ ಆಸರೆಯಾಗುವ ಯುಪಿಎಸ್‌ನ ಅಂಕಿಯನ್ನೂ ಹಾಗೆಯೇ ನಂಬಬೇಡಿ: 600 ವಿಎ ಎಂದಿದ್ದರೂ ಸಾಮಾನ್ಯವಾಗಿ ಕೊಡುವುದು 360 ವಾಟ್.

ಇಷ್ಟು ಕೇಳಿಸಿಕೊಂಡ ಅಳಿಯ ತನ್ನ ಕ್ಯಾಬಿನೆಟ್ಟನ್ನು ಓರೆ ಮಾಡಿ, ಮೊಬೈಲಿನ ಬೆಳಕು ಬಿಟ್ಟು ಚೀಟಿ ಓದಿದ. ಮೇಲೆ 450, ಕೆಳಗೆ 16 ಆಂಪಿಯರ್.

“192 ಮಾವ.”

ಕೊಳ್ಳಬೇಕೆಂದಿದ್ದ ಗ್ರಾಫಿಕ್ಸ್ ಕಾರ್ಡ್ ಮುಂದಿನ ತಿಂಗಳಿಗೆ ಹೋಯಿತು.