ಜೆಟೇಬಲ್‌ನಲ್ಲಿ ಸಾಲು ಆಯ್ಕೆ: ನಾನು ಮಾಡಿಕೊಂಡ ರೀತಿ

ಕಿಟಕಿ, ಬಟನ್ ಕಟ್ಟಿಕೊಡುವ ಜಾವಾ ಸ್ವಿಂಗ್ ಲೈಬ್ರರಿಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಎಡಗಡೆ ಜೆಟೇಬಲ್ (ಸ್ವಿಂಗ್‌ನ ಟೇಬಲ್) ಒಂದರಲ್ಲಿ ಬಿಲ್‌ಗಳ ಪಟ್ಟಿ, ಬಲಗಡೆ ಆಯ್ಕೆಯಾದ ಬಿಲ್ಲಿನ ವಿವರ. ಇಂಥದ್ದಕ್ಕೆ ಮೌಸ್ ಲಿಸನರ್ (ಮೌಸ್ ಒತ್ತಿದಾಗ ಓಡುವ ಕೋಡ್) ಹಾಕುವವರೇ ಜಾಸ್ತಿ. ನಾನು ಹಾಕಲಿಲ್ಲ. ಬಾಣದ ಕೀ ಒತ್ತಿ ಕೆಳಗಿನ ಸಾಲಿಗೆ ಇಳಿದರೆ ಮೌಸ್ ಲಿಸನರ್‌ಗೆ ಅದು ಗೊತ್ತೇ ಆಗುವುದಿಲ್ಲ. ಕೋಡೇ ಸಾಲನ್ನು ಬದಲಿಸಿದರೂ ಅದೇ ಕಥೆ. ಹಾಗಾಗಿ ಯಾವ ಸಾಲು ಆಯ್ಕೆಯಾಗಿದೆ ಎಂದು ನೆನಪಿಡುವ ಟೇಬಲ್‌ನ ಸೆಲೆಕ್ಷನ್ ಮಾಡೆಲ್‌ಗೇ, ಆಯ್ಕೆ ಬದಲಾದಾಗ ಓಡುವ ಲಿಸ್ಟ್‌ಸೆಲೆಕ್ಷನ್‌ಲಿಸನರ್ ಸೇರಿಸಿದೆ. ಒಂದೇ ಸಾಲು ಸಾಕಿತ್ತು, ಅದಕ್ಕೆ ಸಿಂಗಲ್ ಸೆಲೆಕ್ಷನ್ ಮೋಡ್ ಇಟ್ಟೆ.

ಮೌಸ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಇನ್ನೊಮ್ಮೆ ಈ ಲಿಸನರ್‌ನ ವ್ಯಾಲ್ಯೂಚೇಂಜ್ಡ್ ಮೆಥಡ್ ಓಡುತ್ತದೆ. ಆಯ್ಕೆ ಇನ್ನೂ ಬದಲಾಗುತ್ತಿದೆಯೇ ಎಂದು ಹೇಳುವ ಗೆಟ್‌ವ್ಯಾಲ್ಯೂಈಸ್‌ಅಡ್ಜಸ್ಟಿಂಗ್ ನಿಜ ಎಂದರೆ ಅಲ್ಲಿಂದಲೇ ವಾಪಸ್. ಇದು ಎಲ್ಲರೂ ಹೇಳುವ ಮಾತು, ಅಲ್ವಾ? ಆಯ್ಕೆ ಖಾಲಿಯಾದಾಗಲೂ ಈವೆಂಟ್ (ಬದಲಾವಣೆಯ ಸುದ್ದಿ) ಬರುತ್ತದೆ, ಆಗ ಆಯ್ಕೆಯಾದ ಸಾಲಿನ ಸಂಖ್ಯೆ ಹೇಳುವ ಗೆಟ್‌ಸೆಲೆಕ್ಟೆಡ್‌ರೋ ಕೊಡುವುದು -1. ಆಗ ಬಲಗಡೆಯ ವಿವರ ಖಾಲಿ ಮಾಡಿ, ಬಿಲ್ ಅಳಿಸುವ ಬಟನ್ ಒತ್ತಲಾಗದಂತೆ ಮಾಡುತ್ತೇನೆ.

ನಿಜವಾದ ಅಪಾಯ ಇರುವುದು ಸಾರ್ಟಿಂಗ್‌ನಲ್ಲಿ. ದಿನಾಂಕದ ಕಾಲಂ ಒತ್ತಿ ಸಾರ್ಟ್ ಮಾಡಿದಿರಿ ಅಂದುಕೊಳ್ಳಿ. ಎಲ್ಲಕ್ಕಿಂತ ಮೇಲಿನ ಸಾಲು ಆರಿಸಿದರೆ ಗೆಟ್‌ಸೆಲೆಕ್ಟೆಡ್‌ರೋ 0 ಅನ್ನುತ್ತದೆ. ಆದರೆ ಆ ಬಿಲ್ ಮಾಡೆಲ್‌ನಲ್ಲಿ (ಟೇಬಲ್‌ನ ಹಿಂದಿರುವ ಮೂಲ ಡೇಟಾದಲ್ಲಿ) 7ನೇ ಇಂಡೆಕ್ಸಿನಲ್ಲಿ ಇರಬಹುದು. 0 ಹಿಡಿದು ಮಾಡೆಲ್ ಕೇಳಿದರೆ ಬೇರೆ ಬಿಲ್ ಸಿಗುತ್ತದೆ. ಎಕ್ಸೆಪ್ಶನ್ ಇಲ್ಲ, ಕೆಂಪು ಅಕ್ಷರ ಇಲ್ಲ. ಪಕ್ಕದಲ್ಲಿ ಅಳಿಸುವ ಬಟನ್ ಬೇರೆ ಇದ್ದರೆ ಮುಗೀತು. ಕಾಣುವ ಸಾಲಿನ ಸಂಖ್ಯೆಯನ್ನು ಮಾಡೆಲ್‌ನ ಸಂಖ್ಯೆಗೆ ಬದಲಿಸುವ ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಕರೆದರೆ 0 ಹೋಗಿ 7 ಬರುತ್ತದೆ. ಸಾರ್ಟಿಂಗ್ ಇಲ್ಲದ ಟೇಬಲ್‌ನಲ್ಲೂ ನಾನು ಇದನ್ನು ಬರೆದೇ ಬರೆಯುತ್ತೇನೆ. ನಾಳೆ ಯಾರೋ ಸಾರ್ಟರ್ ಸೇರಿಸುತ್ತಾರೆ, ಆಗ ಈ ಜಾಗ ಯಾರಿಗೂ ನೆನಪಾಗುವುದಿಲ್ಲ.

ಇಂಡೆಕ್ಸ್ ಸಿಕ್ಕ ಕೂಡಲೇ ಅದರಿಂದ ಬಿಲ್ ನಂಬರ್ ತೆಗೆದು ಇಟ್ಟುಕೊಳ್ಳುತ್ತೇನೆ. ಮುಂದಿನ ಕೆಲಸವೆಲ್ಲ ಆ ನಂಬರಿನಿಂದಲೇ. ಸಾರ್ಟ್ ಆದಾಗ ಸಾಲಿನ ಜಾಗ ಬದಲಾಗಿ ಈವೆಂಟ್ ಬರಬಹುದು. ನಂಬರ್ ಅದೇ ಇದ್ದರೆ ಏನೂ ಮಾಡಬೇಕಿಲ್ಲ. ಇಡೀ ಡೇಟಾ ಬದಲಾಗಿದೆ ಎಂದು ಟೇಬಲ್‌ಗೆ ಹೇಳುವ ಫೈರ್‌ಟೇಬಲ್‌ಡೇಟಾಚೇಂಜ್ಡ್ ಕರೆದರೆ ಆಯ್ಕೆ ಹಾರಿಹೋಗುತ್ತದೆ. ಅದನ್ನು ಕರೆಯುವ ಮುಂಚೆ ಈ ನಂಬರನ್ನು ಬೇರೆ ವೇರಿಯಬಲ್‌ಗೆ ಹಾಕಿಟ್ಟು, ಆಮೇಲೆ ಸಾಲನ್ನು ಹುಡುಕಿ ಮತ್ತೆ ಆರಿಸುತ್ತೇನೆ. ಒಂದೇ ಸಾಲು ಬದಲಾಗಿದ್ದರೆ ಫೈರ್‌ಟೇಬಲ್‌ರೋಸ್‌ಅಪ್‌ಡೇಟೆಡ್ ಸಾಕು, ಆಯ್ಕೆ ಹಾಗೇ ಉಳಿಯುತ್ತದೆ.

ಇನ್ನು ವೇಗದ ವಿಷಯ. ಬಾಣದ ಕೀಯನ್ನು ಒತ್ತಿ ಹಿಡಿದರೆ ಪ್ರತಿ ಸಾಲಿಗೂ ಈವೆಂಟ್ ಬರುತ್ತದೆ. ಗೆಟ್‌ವ್ಯಾಲ್ಯೂಈಸ್‌ಅಡ್ಜಸ್ಟಿಂಗ್ ನೋಡಿದರೆ ಇಲ್ಲಿ ಪ್ರಯೋಜನವಿಲ್ಲ. ಪ್ರತಿ ಸಲವೂ ಡೇಟಾಬೇಸಿಗೆ ಹೋದರೆ ಕಿಟಕಿ ತಡವರಿಸುತ್ತದೆ. ಸ್ವಿಂಗ್ ಟೈಮರ್ ಒಂದನ್ನು 200 ಮಿಲಿಸೆಕೆಂಡಿಗೆ ಇಟ್ಟು, ರಿಪೀಟ್ ಆಗದಂತೆ ಮಾಡಿ, ಪ್ರತಿ ಈವೆಂಟಿಗೂ ರೀಸ್ಟಾರ್ಟ್ ಮಾಡಿದೆ. ಕೀ ಬಿಟ್ಟ ಮೇಲೆ ಒಂದೇ ಸಲ ವಿವರ ತರುತ್ತದೆ. ತರುವ ಕೆಲಸ ಹಿನ್ನೆಲೆಯಲ್ಲಿ ಓಡುವ ಸ್ವಿಂಗ್‌ವರ್ಕರ್‌ನದು. ಹಳೆಯ ಉತ್ತರ ತಡವಾಗಿ ಬಂದು ಹೊಸದರ ಮೇಲೆ ಕೂರುವುದೂ ಉಂಟು. ಅದಕ್ಕೆ ಕೆಲಸ ಮುಗಿದಾಗ ಓಡುವ ಅದರ ಡನ್ ಮೆಥಡ್‌ನಲ್ಲಿ ಬಂದ ಬಿಲ್ ನಂಬರನ್ನು ಈಗ ಆಯ್ಕೆಯಲ್ಲಿರುವ ನಂಬರಿಗೆ ಹೋಲಿಸಿ ನೋಡುತ್ತೇನೆ, ಬೇರೆ ಇದ್ದರೆ ಸುಮ್ನೆ ಬಿಸಾಕುತ್ತೇನೆ.